ಬೋಡಿಲ್ ತೋರಿಸಿದ ಜಾಗ

ಸುಳ್ಳು ಹೇಳುವುದರಲ್ಲಿ ನಮ್ಮ ಸ್ಕಾರ್ಬಿ ದಡದಲ್ಲಿ ಬೋಡಿಲ್‌ಗೆ ಸಮನಾದವರು ಯಾರೂ ಇರಲಿಲ್ಲ. ಇದನ್ನು ನಾನು ಹೊಗಳಿಕೆಯಾಗಿಯೇ ಹೇಳುತ್ತಿದ್ದೇನೆ. ಅವಳ ದೋಣಿ ಬಂದು ಮರಳಿಗೆ ತಾಗಿ, ರಾಟೆ ಅದನ್ನು ದಡದ ಮೇಲಕ್ಕೆ ಎಳೆದು ನಿಲ್ಲಿಸಿದ ಮೇಲೆ, ಒದ್ದೆ ಬೂಟಿನಲ್ಲೇ ನನ್ನ ಅಂಗಡಿಗೆ ಬಂದು ಕಾಫಿಗೆ ಕೈ ಚಾಚುತ್ತಿದ್ದಳು. ನಾನು ಮೀನನ್ನು ಹೊಗೆಯಲ್ಲಿಟ್ಟು ಮಾರುವವಳು. ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಸುಳ್ಳು ಹೇಳದ ಮೀನುಗಾರ ಈ ಊರಲ್ಲಿ ಹುಟ್ಟಿಲ್ಲ.

"ಎಲ್ಲಿಗೆ ಹೋಗಿದ್ದೆ?" ಎಂದು ಯಾರಾದರೂ ಕೇಳುತ್ತಿದ್ದರು.

"ಉತ್ತರಕ್ಕೆ."

"ಏನು ಸಿಕ್ತು?"

"ಏನ್ ಸಿಗುತ್ತೆ, ಕಲ್ಲು, ಪಾಚಿ."

ಹೊರಗೆ ಅವಳ ದೋಣಿಯಿಂದ ಕೆಂಪು ಚುಕ್ಕೆಯ ಚಪ್ಪಟೆ ಮೀನು ಪೆಟ್ಟಿಗೆಗಟ್ಟಲೆ ಇಳಿಯುತ್ತಿರುತ್ತಿತ್ತು. ಕೇಳಿದವರು ತಲೆಯಾಡಿಸಿ ತಮ್ಮ ಕಾಫಿ ಕುಡಿಯುತ್ತಿದ್ದರು. ಮೀನಿನ ಜಾಗ ಕೇಳುವುದು ನಮ್ಮಲ್ಲಿ ನಮಸ್ಕಾರ ಹೇಳಿದಂತೆ, ಸುಳ್ಳು ಉತ್ತರ ಕೊಡುವುದು ತಿರುಗಿ ನಮಸ್ಕಾರ ಹೇಳಿದಂತೆ. ಯಾರಾದರೂ ನಿಜ ಹೇಳಿಬಿಟ್ಟರೆ, ಪಾಪ, ಕುಡಿದಿದ್ದಾನೆ ಅಂದುಕೊಳ್ಳುತ್ತೇವೆ. ನಿಜವಾದ ಜಾಗವನ್ನು ಸಾಯುವ ಹೊತ್ತಿಗೆ ಒಬ್ಬರಿಗೆ ಹೇಳುತ್ತಾರೆ, ಅದೂ ರಕ್ತ ಹಂಚಿಕೊಂಡವರಿಗೆ.

ಬೋಡಿಲಳ ಅಪ್ಪ ಆಸ್ಪತ್ರೆಯ ಹಾಸಿಗೆಯಲ್ಲಿ ಹೇಳಿದ್ದು ಅವಳಿಗೆ. ಯಾವ ದಿಕ್ಕು, ಎಷ್ಟು ದೂರ, ಎಷ್ಟು ಆಳ, ಸೀಸದ ಗುಂಡನ್ನು ತಳಕ್ಕೆ ಬಿಟ್ಟು ಎಳೆದರೆ ಅದಕ್ಕೆ ಯಾವ ಬಣ್ಣದ ಮರಳು ಮೆತ್ತಿಕೊಂಡಿರಬೇಕು, ಎಲ್ಲ. ಆ ಜಾಗಕ್ಕೆ ಅವರ ಮನೆಯಲ್ಲಿ 'ಅಪ್ಪನ ಬೋಗುಣಿ' ಎಂದು ಹೆಸರು. ಅವಳ ದೊಡ್ಡಪ್ಪನ ಮಗ ಎಸ್ಕಿಲ್ ಅವಳಪ್ಪನ ದೋಣಿಯಲ್ಲೇ ದುಡಿದು ಬೆಳೆದವನು. ಬೋಗುಣಿ ತನಗೇ ಬರುತ್ತದೆ ಎಂದು ನಂಬಿದ್ದ. ಹೆಣ್ಣುಮಗಳಿಗೆ ಹೇಳಿ ಸತ್ತ ಚಿಕ್ಕಪ್ಪನನ್ನು ಅವನು ಮಣ್ಣು ಮಾಡಿದ ದಿನವೂ ಕ್ಷಮಿಸಲಿಲ್ಲ. ತನ್ನದೇ ದೋಣಿ ಕೊಂಡ. ಎಷ್ಟೋ ವರ್ಷ ಬೋಡಿಲಳ ಬೆನ್ನು ಬಿದ್ದ. ಅವಳು ಅವನನ್ನು ಮಳೆಯಲ್ಲಿ ದಿನವಿಡೀ ಸುತ್ತಿಸಿ, ಏನೂ ಇಲ್ಲದ ಕಡೆ ದೋಣಿ ನಿಲ್ಲಿಸಿ, ಫ್ಲಾಸ್ಕ್ ಎತ್ತಿ ತೋರಿಸಿ "ಕಾಫಿ ಬೇಕೇನೋ?" ಎಂದು ಕೂಗುತ್ತಿದ್ದಳು. ಕೊನೆಗೆ ಬೇಸತ್ತು ಅವನು ಬಿಟ್ಟುಬಿಟ್ಟ ಎಂದುಕೊಂಡೆವು. ಇಬ್ಬರೂ ಪಕ್ಕಪಕ್ಕದಲ್ಲೇ ದೋಣಿ ನಿಲ್ಲಿಸಿ, ಒಂದೇ ಬೆಂಚಿನ ಮೇಲೆ ಕೂತು, ಒಬ್ಬರನ್ನೊಬ್ಬರು ಹಂಗಿಸಿಕೊಂಡು ಕಾಲ ಹಾಕಿದರು. ನೋಡುವವರಿಗೆ ಅದು ಪ್ರೀತಿಯ ಹಾಗೇ ಕಾಣುತ್ತಿತ್ತು.

ಬೋಡಿಲ್ ಮದುವೆಯಾಗಲಿಲ್ಲ. ಐವತ್ತೆಂಟನೇ ವಯಸ್ಸಿನಲ್ಲೂ ಅವಳ ತೋಳು ಕಂಡರೆ ಗಂಡಸರು ದಾರಿ ಬಿಡುತ್ತಿದ್ದರು. ಅಂಥವಳ ಜೀವನದಲ್ಲಿ ಪ್ರೇಬೆನ್ ಬಂದ.

ಪ್ರೇಬೆನ್ ಆರ್ಹೂಸ್ ನಗರದಲ್ಲಿ ವಕೀಲನಾಗಿದ್ದು ನಿವೃತ್ತನಾದವನು. ದಿಬ್ಬದ ಮೇಲೆ ಅವನ ಬೇಸಿಗೆ ಮನೆ. ಸಮುದ್ರದ ಕಡೆಗೆ ಗೋಡೆಯಿಲ್ಲ, ಪೂರಾ ಗಾಜು. ಬೇಸಿಗೆ ಮನೆಯವರೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಜುಲೈನಲ್ಲಿ ಬರುತ್ತಾರೆ, ರಾಟೆಯ ಸದ್ದು ಹೆಚ್ಚಾಯಿತೆಂದು ಪುರಸಭೆಗೆ ದೂರು ಬರೆಯುತ್ತಾರೆ, ನನ್ನ ಮೀನಿಗೆ ಚೌಕಾಸಿ ಮಾಡಿ ಹೋಗುತ್ತಾರೆ. ಪ್ರೇಬೆನ್ ಹಾಗಲ್ಲ. ಹೆಂಡತಿ ತೀರಿಕೊಂಡ ಮೇಲೆ ನವೆಂಬರಿನ ಚಳಿಯಲ್ಲೂ ಇಲ್ಲೇ ಉಳಿದ. ಬೋಡಿಲಳ ಹತ್ತಿರ ಮೀನು ಸೀಳಲು ಕಲಿತ, ಬೆರಳು ಕುಯ್ದುಕೊಂಡ, ನಕ್ಕ. ಮೊದಲು ಅವಳಿಗೆ "ನೀವು" ಅನ್ನುತ್ತಿದ್ದವನು ಆ ಚಳಿಗಾಲ ಮುಗಿಯುವ ಹೊತ್ತಿಗೆ "ನೀನು" ಅನ್ನತೊಡಗಿದ. ಅವಳಿಗೆ ಅವನ ಮೇಲೆ ಮನಸ್ಸಿತ್ತೇ ಎಂದು ಊರು ಪಿಸುಗುಟ್ಟುತ್ತಿತ್ತು. ಇತ್ತು. ಭಾನುವಾರ ಚರ್ಚಿಗೆ ಹೊರಟಾಗ ಬಾಚಣಿಗೆ ಹಿಡಿದು ನನ್ನ ಅಂಗಡಿಯ ಕಿಟಕಿ ಗಾಜಿನಲ್ಲಿ ಮುಖ ನೋಡಿಕೊಂಡವಳನ್ನು ನಾನೇ ಕಂಡಿದ್ದೇನೆ.

ಆಗಲೇ ಕರೆಂಟು ತೆಗೆಯುವ ಗಾಳಿಯಂತ್ರಗಳ ಸುದ್ದಿ ಬಂದದ್ದು. ದಡದಿಂದ ಆರು ಕಿಲೋಮೀಟರ್ ದೂರದಲ್ಲಿ, ಸಮುದ್ರದೊಳಗೆ, ಚರ್ಚಿನ ಗೋಪುರದ ಎಷ್ಟೋ ಪಟ್ಟು ಎತ್ತರದವು, ಸಾಲಾಗಿ. ಹತ್ತಿರ ಹಾಕಿದರೆ ನೀರಿನ ಆಳ ಕಡಿಮೆ, ಕೇಬಲ್ ಚಿಕ್ಕದು, ಖರ್ಚು ಕಡಿಮೆ. ಊರ ಸಭಾಭವನದಲ್ಲಿ ಮೊದಲ ಸಭೆ ಸೇರಿದಾಗ ಕೂರಲು ಜಾಗವಿರಲಿಲ್ಲ.

ದಿಬ್ಬದ ಮೇಲಿನವರು ಒಬ್ಬೊಬ್ಬರಾಗಿ ಎದ್ದು, ಸೂರ್ಯ ಮುಳುಗುವುದನ್ನು ಇನ್ನು ಕಂಬಗಳ ಸಂದಿಯಲ್ಲಿ ನೋಡಬೇಕಾಗುತ್ತದೆ ಎಂದು ಅತ್ತರು. ಹಸು ಸಾಕುವ ಓಲುಫ್ ಹಿಂದಿನ ಬೆಂಚಿನಿಂದ ಎದ್ದ.

"ನನ್ನ ಕೊಟ್ಟಿಗೆ ಹಿಂದೆ ಮೂವತ್ತು ವರ್ಷದಿಂದ ಒಂದು ಫ್ಯಾನು ತಿರುಗ್ತಾ ಇದೆ. ನೋಟ ಕೆಟ್ಟೋಯ್ತು ಅಂತ ನನ್ನ ಹಸು ಒಂದೂ ಅರ್ಜಿ ಹಾಕಿಲ್ಲ," ಎಂದ. ಸಭೆ ನಕ್ಕಿತು. "ನಗಬೇಡಿ. ದೂರ ಹಾಕಿ ದೂರ ಹಾಕಿ ಅಂತೀರಲ್ಲ, ದೂರ ಹಾಕಿದ್ರೆ ಖರ್ಚು ಜಾಸ್ತಿ. ಅದು ಯಾರ ಕರೆಂಟ್ ಬಿಲ್‌ನಲ್ಲಿ ಬರುತ್ತೆ? ನಾಲ್ಕು ವಾರ ಬಂದು ಹೋಗೋರ ಕಣ್ಣಿಗೆ ತಂಪಾಗಲಿ ಅಂತ ನಾವು ವರ್ಷವಿಡೀ ಕಟ್ಬೇಕಾ?"

ಪ್ರೇಬೆನ್ ಎದ್ದು ನಿಂತ. ಮಾತಾಡಲು ಅವನಿಗೆ ಬರುತ್ತದೆ, ಅದು ಒಪ್ಪಬೇಕು.

"ನಾನು ಈ ಸಮುದ್ರನ ದಿನಾ ನೋಡ್ತೀನಿ, ಓಲುಫ್. ಒಂದು ದಿನ ಇದ್ದಂಗೆ ಇನ್ನೊಂದು ದಿನ ಇರಲ್ಲ. ಒಂದು ಅಲೆ ಇದ್ದಂಗೆ ಇನ್ನೊಂದಿಲ್ಲ. ಇದಕ್ಕೆ ಬೆಲೆ ಕಟ್ಟೋಕೆ ನನಗಂತೂ ಬರಲ್ಲ."

ನನ್ನ ಪಕ್ಕದಲ್ಲಿದ್ದ ಬೋಡಿಲಳ ಕಣ್ಣು ತುಂಬಿತ್ತು. ನನಗೆ ಗಾಳಿಯಂತ್ರಗಳ ಮೇಲೆ ದ್ವೇಷವೇನೂ ಇಲ್ಲ. ಕರೆಂಟು ಎಲ್ಲಿಂದಲಾದರೂ ಬರಬೇಕು. ಆದರೆ ಅವತ್ತು ನಾನೂ ಚಪ್ಪಾಳೆ ತಟ್ಟಿದೆ.

ಪ್ರೇಬೆನ್ 'ತೆರೆದ ಕಡಲು' ಎಂಬ ಸಂಘ ಕಟ್ಟಿದ. ಬೇಸಿಗೆ ಮನೆಯವರಷ್ಟೇ ಕೂಗಿದರೆ ಸರ್ಕಾರ ಕಿವಿಗೆ ಹಾಕಿಕೊಳ್ಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅವನಿಗೆ ಮೀನುಗಾರರು ಬೇಕಾಗಿತ್ತು. ದೋಣಿಯವರ ಸಂಘಕ್ಕೆ ಬೋಡಿಲಳೇ ಅಧ್ಯಕ್ಷೆ. ಅವಳು ನನ್ನ ಅಂಗಡಿಯಲ್ಲಿ, ನನ್ನ ಎದುರಿಗೇ, ಒಂದು ಷರತ್ತು ಹಾಕಿದಳು.

"ಹತ್ರಾನೂ ಬೇಡ, ದೂರಾನೂ ಬೇಡ. ದೂರದ ನೀರೂ ನಮಗೆ ಬೇಕು. ದೂರ ತಳ್ಳಿ ಗೆದ್ವಿ ಅಂತ ಕುಣಿಯೋದಾದ್ರೆ ನಾನು ಬರಲ್ಲ."

"ಹತ್ರಾನೂ ಇಲ್ಲ, ದೂರಾನೂ ಇಲ್ಲ," ಎಂದು ಪ್ರೇಬೆನ್ ಅವಳ ಕೈಯಲ್ಲಿ ಕೈಯಿಟ್ಟು ಮಾತು ಕೊಟ್ಟ.

ಆಮೇಲೆ ಬೋಡಿಲಳ ಮುಖ ಎಲ್ಲ ಕಡೆ ಬಂತು. ನೀಲಿ ದೋಣಿಗೆ ಒರಗಿ ನಿಂತ ಅವಳ ಫೋಟೋ ರಸ್ತೆಯ ತಿರುವಿನಲ್ಲಿ, ಬಸ್ ನಿಲ್ದಾಣದಲ್ಲಿ, ಪತ್ರಿಕೆಯಲ್ಲಿ. ಎಸ್ಕಿಲ್ ಅದರ ಮುಂದೆ ನಿಂತು, "ಮೀನು ನೋಡಿದ್ರೆ ಹೆದರಿ ಓಡೋಗ್ತವೆ," ಎಂದ. ಅವಳು ಅವನ ಟೋಪಿ ಕಿತ್ತು ಕೆಸರಿಗೆ ಎಸೆದಳು.

ಜೂನ್ ತಿಂಗಳ ಒಂದು ಬೆಳಗ್ಗೆ ಅವಳು ಪ್ರೇಬೆನ್‌ನನ್ನು ದೋಣಿಗೆ ಹತ್ತಿಸಿಕೊಂಡು ಹೋದಳು. ಮಧ್ಯಾಹ್ನ ಒಬ್ಬಳೇ ನನ್ನ ಅಂಗಡಿಗೆ ಬಂದು, ಕಾಫಿ ಮುಟ್ಟದೆ ಕೂತಳು.

"ಪ್ರೇಬೆನ್‌ಗೆ ಬೋಗುಣಿ ತೋರಿಸಿದೆ, ಟೋವೆ," ಎಂದಳು.

ಕೈಯಲ್ಲಿದ್ದ ಮೀನನ್ನು ಕೆಳಗಿಟ್ಟೆ. ನಲವತ್ತು ವರ್ಷದ ಗೆಳತಿ ನಾನು. ಅದು ಉತ್ತರಕ್ಕಿದೆಯೋ ದಕ್ಷಿಣಕ್ಕಿದೆಯೋ ನನಗೇ ಗೊತ್ತಿರಲಿಲ್ಲ.

"ತಲೆಗಿಲೆ ಕೆಟ್ಟಿದೆಯೇನೇ ನಿನಗೆ?"

"ಬಲೆ ಎಳೆದಾಗ ಅವನ ಮುಖ ನೋಡ್ಬೇಕಿತ್ತು ನೀನು. ಟೋಪಿ ತೆಗೆದು ನಿಂತ್ಬಿಟ್ಟ, ಚರ್ಚಿನಲ್ಲಿ ನಿಂತ ಹಾಗೆ. ನನ್ನ ಬಾಯಿಂದ ಇದು ಆಚೆ ಹೋಗಲ್ಲ ಅಂದ."

ಆಡಿದ ಮಾತನ್ನು ಅವನು ಉಳಿಸಿಕೊಂಡ. ಉಳಿಸಿಕೊಂಡ ರೀತಿಯನ್ನು ನಾನು ಈಗಲೂ ಕ್ಷಮಿಸಿಲ್ಲ.

ಆ ಶರತ್ಕಾಲದಲ್ಲಿ ಸರ್ಕಾರದ ಪರವಾಗಿ ಸಮೀಕ್ಷೆ ಮಾಡುವವರು ಬಂದರು. ಸಭಾಭವನದ ಮೇಜಿನ ಮೇಲೆ ಸಮುದ್ರದ ದೊಡ್ಡ ನಕ್ಷೆ ಹಾಸಿ, ಒಂದು ಕೆಂಪು ಪೆನ್ಸಿಲ್ ಇಟ್ಟು, ನೀವೆಲ್ಲಿ ಮೀನು ಹಿಡಿಯುತ್ತೀರೋ ಗುರುತು ಮಾಡಿ ಎಂದರು. ದೊಡ್ಡ ದೋಣಿಗಳಲ್ಲಿ, ಹೋದ ದಾರಿಯನ್ನು ಬರೆದಿಟ್ಟುಕೊಳ್ಳುವ ಪೆಟ್ಟಿಗೆ ಇರುತ್ತದೆ. ನಮ್ಮ ಸಣ್ಣ ದೋಣಿಗಳಿಗೆ ಅದಿಲ್ಲ, ನಮ್ಮವರು ಹೇಳಿದ್ದೇ ದಾಖಲೆ. ಮೀನುಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು. ಊರಿನವರ ಎದುರಿಗೆ, ಎಸ್ಕಿಲ್‌ನ ಎದುರಿಗೆ, ಜಾಗ ತೋರಿಸುವುದೆಂದರೆ ಬಟ್ಟೆ ಬಿಚ್ಚಿ ನಿಂತ ಹಾಗೆ. ಬೋಡಿಲ್ ಪ್ರೇಬೆನ್‌ನನ್ನು ಮೂಲೆಗೆ ಕರೆದು ಕೇಳಿದಳು. ನಾನು ಕಾಫಿ ಹಂಚುತ್ತಾ ಅಲ್ಲೇ ಇದ್ದೆ.

"ಹತ್ತಿರದ ನೀರಲ್ಲಿ ಗುರುತು ಹಾಕಿ," ಎಂದ ಅವನು. "ಫ್ಯಾನು ಬರೋದು ಅಲ್ಲೇ ತಾನೆ? ಅಲ್ಲೇ ನಮ್ಮ ಅನ್ನ ಅಂದ್ರೆ ಅಲ್ಲಿ ಹಾಕೋಕೆ ಆಗಲ್ಲ. ನಿನ್ನ ಬೋಗುಣೀನ ಯಾಕೆ ಬಯಲು ಮಾಡ್ತೀಯ?"

ಅವಳಿಗೂ ಅದೇ ಬೇಕಾಗಿತ್ತು. ನಮ್ಮವರಿಗೆ ಸುಳ್ಳು ಹೇಳಲು ಹೊಸದಾಗಿ ಕಲಿಸಬೇಕೇ? ದಡದ ಹತ್ತಿರದ ಬರೀ ಮರಳಿನ ಮೇಲೆ ಅವಳು ಒಂದು ದೊಡ್ಡ ಸುತ್ತು ಹಾಕಿದಳು. ಎಸ್ಕಿಲ್ ಪಕ್ಕದಲ್ಲಿ ಇನ್ನೊಂದು ಹಾಕಿದ. ಉಳಿದವರೂ ಹಾಕಿದರು. ಆಚೆಯ ನೀರು ಖಾಲಿ ಬಿತ್ತು. ಕೆಳಗೆ ಅಧ್ಯಕ್ಷೆಯಾಗಿ ಬೋಡಿಲ್ ಸಹಿ ಮಾಡಿದಳು. ಹೊರಗೆ ಬಂದು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸರ್ಕಾರದ ಕಣ್ಣಿಗೇ ಮಣ್ಣೆರಚಿದೆವೆಂದು ನಾನು ಎಲ್ಲರಿಗೂ ಒಂದೊಂದು ಸುತ್ತು ಸ್ನಾಪ್ಸ್ ಸಾರಾಯಿ ಕೊಟ್ಟೆ.

ಚಳಿಗಾಲದಲ್ಲಿ ಪ್ರೇಬೆನ್ ಮತ್ತೆ ಮತ್ತೆ ರಾಜಧಾನಿ ಕೋಪನ್‌ಹೇಗನ್‌ಗೆ ಹೋಗಿ ಬಂದ. ಬೋಡಿಲ್ ಬರುತ್ತೇನೆಂದರೆ, ಅಲ್ಲಿ ಬರೀ ಕಾಗದದ ಮಾತು, ನಿನಗೆ ಬೇಜಾರಾಗುತ್ತದೆ ಎನ್ನುತ್ತಿದ್ದ. ವಸಂತದಲ್ಲಿ ಒಂದು ದಿನ ದಿಬ್ಬದ ಮೇಲಿನಿಂದ ಕಾರುಗಳ ಹಾರ್ನ್ ಕೇಳಿಸಿತು. 'ತೆರೆದ ಕಡಲು' ಗೆದ್ದಿತ್ತು. ಯಂತ್ರಗಳನ್ನು ಇಪ್ಪತ್ತೆರಡು ಕಿಲೋಮೀಟರ್ ಆಚೆಗೆ ತಳ್ಳಿದ್ದರು. ಹೆಚ್ಚಿನ ಖರ್ಚನ್ನು ಸರ್ಕಾರ ಒಪ್ಪಿತ್ತು. ಓಲುಫ್ ನನ್ನ ಅಂಗಡಿಗೆ ಬಂದು, "ನಿಮ್ಮ ಸೂರ್ಯಾಸ್ತದ ಬಿಲ್ ನಮ್ಮ ಮನೆಗೆ ಬರುತ್ತೆ," ಎಂದು ಬೈದು ಹೋದ.

ಬೋಡಿಲ್ ನನ್ನ ಫೋನಿನಲ್ಲಿ ಹೊಸ ನಕ್ಷೆಯನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಆಮೇಲೆ ಫೋನನ್ನು ನಿಧಾನವಾಗಿ ಮೇಜಿನ ಮೇಲಿಟ್ಟಳು.

"ಬೋಗುಣಿ ಒಳಗೆ ಬಂದಿದೆ. ಸರಿಯಾಗಿ ನಡುಮಧ್ಯೆ."

ನಾವು ಹಿಡಿಯುವುದು ಉದ್ದದ ಹಗ್ಗವನ್ನು ಸಮುದ್ರದ ತಳದಲ್ಲಿ ಸುತ್ತು ಹಾಕಿ ಎಳೆಯುವ ಬಲೆಯಿಂದ. ಕಂಬ ಕೇಬಲ್ಲು ಇರುವ ಕಡೆ ಆ ಬಲೆ ಬಿಡಲು ಅಪ್ಪಣೆಯಿಲ್ಲ. ಬೋಗುಣಿ ಹೋದರೆ ಬೋಡಿಲಳ ದೋಣಿ ಮರಳಿನ ಮೇಲೆ ಬಣ್ಣ ಸುಲಿಯುತ್ತಾ ನಿಲ್ಲಬೇಕು, ಅಷ್ಟೆ.

"ಅವನು ಕೈಕೊಟ್ಟ," ಎಂದೆ ನಾನು.

"ಬಾಯಿ ಮುಚ್ಚು. ಅವನ ಗಮನಕ್ಕೆ ಬಂದಿರಲ್ಲ. ಹೇಳಿದ್ರೆ ಸರಿ ಮಾಡ್ತಾನೆ."

ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಮಾರನೆಯ ದಿನ ಎರಡು ಸಾಲಿನ ಸಂದೇಶ ಬಂತು: ಊರಲ್ಲಿಲ್ಲ, ಸಭೆಯಲ್ಲಿ ಮಾತಾಡೋಣ. ಅವನ ಮನೆಯ ಗಾಜಿನ ಹಿಂದೆ ದೀಪ ಉರಿಯುತ್ತಿದ್ದುದನ್ನು ನಾನು ಅವಳಿಗೆ ಹೇಳಲಿಲ್ಲ. ಅವಳಿಗೂ ಕಣ್ಣಿತ್ತು.

ಕೊನೆಯ ಸಭೆ ಮೇ ತಿಂಗಳಲ್ಲಿ ನಡೆಯಿತು. ರಾಜಧಾನಿಯಿಂದ ಬಂದಿದ್ದ ಅಧಿಕಾರಿಣಿ ಒಳ್ಳೆಯ ಹೆಂಗಸು, ಮೆತ್ತಗಿನ ಮಾತು. ಹೊಸ ಜಾಗವನ್ನು ಯಾಕೆ ಆರಿಸಿದ್ದೆಂದು ಓದಿ ಹೇಳಿದರು. ಅದರಲ್ಲಿ ಒಂದು ವಾಕ್ಯ ಹೀಗಿತ್ತು: ಸ್ಥಳೀಯ ಮೀನುಗಾರರ ಹೇಳಿಕೆಯಂತೆ ಈ ಪ್ರದೇಶದಲ್ಲಿ ಮೀನುಗಾರಿಕೆ ನಡೆಯುವುದಿಲ್ಲ.

ಬೋಡಿಲ್ ಎದ್ದಳು.

"ಅದು ತಪ್ಪು. ನಾನು ಮೀನು ಹಿಡಿಯೋದೇ ಅಲ್ಲಿ."

ಅಧಿಕಾರಿಣಿ ನಕ್ಷೆಯ ಪ್ರತಿ ತೆಗೆದು ತೋರಿಸಿದರು. "ಇದು ನಿಮ್ಮದೇ ಸಹಿ ಅಲ್ವಾ?"

"ನನ್ನದೇ. ನಾನು ಸುಳ್ಳು ಗುರುತು ಹಾಕಿದ್ದೆ."

ಸಭೆ ಗೊಳ್ಳೆಂದು ನಕ್ಕಿತು. ಬೋಡಿಲಳ ಕುತ್ತಿಗೆ ಕೆಂಪಾಯಿತು. ಅವಳು ನಕ್ಷೆಯ ಹತ್ತಿರ ಹೋಗಿ, ಎಲ್ಲರೂ ನೋಡುತ್ತಿದ್ದಂತೆ, ಬೆರಳಿಟ್ಟಳು. ದಿಕ್ಕು ಹೇಳಿದಳು, ಆಳ ಹೇಳಿದಳು, ಮರಳಿನ ಬಣ್ಣ ಹೇಳಿದಳು. ಅಪ್ಪ ಕಿವಿಯಲ್ಲಿ ಉಸುರಿದ್ದನ್ನೆಲ್ಲ ತುಂಬಿದ ಸಭೆಯಲ್ಲಿ ಗಟ್ಟಿಯಾಗಿ ಹೇಳಿದಳು. ನನಗೆ ತಲೆ ಎತ್ತಲಾಗಲಿಲ್ಲ.

"ಪರಿಹಾರಕ್ಕೆ ಗಾಳ ಹಾಕ್ತಿದ್ದಾಳೆ!" ಎಂದು ಹಿಂದಿನಿಂದ ಯಾರೋ ಕೂಗಿದರು. ನಮ್ಮೂರಲ್ಲಿ ಯಾರಾದರೂ ಎಲ್ಲರ ಮುಂದೆ ಮೀನಿನ ಜಾಗ ಹೇಳಿದರೆ ಅದು ಸುಳ್ಳೆಂದೇ ಲೆಕ್ಕ. ಅವಳು ಹೇಳಿದ ಒಂದೇ ಒಂದು ನಿಜವನ್ನು ಯಾರೂ ನಂಬಲಿಲ್ಲ.

ಅಧಿಕಾರಿಣಿ ಮಾತ್ರ ನಗಲಿಲ್ಲ. "ನೀವು ಅಲ್ಲಿ ಮೀನು ಹಿಡಿದದ್ದನ್ನ ಕಂಡೋರು ಯಾರಾದ್ರೂ ಒಬ್ಬರು ಹೇಳಿದ್ರೂ ಸಾಕು. ಈ ನಿರ್ಧಾರನ ತಡೆಹಿಡಿದು ಮತ್ತೆ ಪರಿಶೀಲಿಸ್ತೀವಿ," ಎಂದರು. ಆಮೇಲೆ ಪ್ರಾಮಾಣಿಕವಾಗಿ ಸೇರಿಸಿದರು: "ಆದ್ರೆ ಹಾಗಾದಾಗ ಆರು ಕಿಲೋಮೀಟರಿನ ಹಳೇ ಜಾಗಾನೂ ಮತ್ತೆ ಚರ್ಚೆಗೆ ಬರುತ್ತೆ."

ದಿಬ್ಬದ ಮೇಲಿನವರೆಲ್ಲ ಒಟ್ಟಿಗೆ ಪ್ರೇಬೆನ್‌ನ ಕಡೆ ತಿರುಗಿದರು. ಬೋಡಿಲ್ ಕೂಡ ತಿರುಗಿದಳು. ಅವಳ ಮುಖದಲ್ಲಿ ಭಯವಿರಲಿಲ್ಲ. ಸಹಾಯ ಬಂತು ಎಂಬ ನೆಮ್ಮದಿಯಿತ್ತು. ಅದನ್ನು ನಾನು ಮರೆಯಲಾರೆ.

"ಪ್ರೇಬೆನ್, ನೀನು ಹೇಳು. ನಿನ್ನ ಕರ್ಕೊಂಡು ಹೋಗಿದ್ದೆನಲ್ಲ. ನೀನೇ ಬಲೆ ಎಳೆದೆಯಲ್ಲ."

ಪ್ರೇಬೆನ್ ಎದ್ದ. ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ.

"ಬೋಡಿಲ್ ಅವರ ಜೊತೆ ನಾನೊಮ್ಮೆ ದೋಣೀಲಿ ಹೋಗಿದ್ದು ನಿಜ," ಎಂದ. "ಅವರ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದ್ರೆ ಎಲ್ಲಿಗೆ ಹೋಗಿದ್ವಿ ಅಂತ ಹೇಳೋಕೆ ನಾನು ಅಸಮರ್ಥ. ನಾನು ನಗರದವನು. ನೀರಿನ ಮೇಲೆ ಹೋದ್ರೆ ನನಗೆ ಸಮುದ್ರ ಎಲ್ಲಾ ಕಡೆ ಒಂದೇ ಥರ ಕಾಣುತ್ತೆ."

ಅಷ್ಟು ಹೇಳಿ ಕೂತ. ಚಪ್ಪಾಳೆಯೂ ಬಿತ್ತು. ಥೂ ಅವನ ಮುಖಕ್ಕೆ! ಎರಡು ವರ್ಷ ಅವಳ ಕಾಫಿ ಕುಡಿದ, ಅವಳ ಮೀನು ತಿಂದ, ಅವಳ ಮುಖವನ್ನು ಊರೆಲ್ಲ ಅಂಟಿಸಿದ. ಕೊನೆಗೆ ಅವಳನ್ನು "ಅವರು" ಮಾಡಿ ಕೈ ತೊಳೆದುಕೊಂಡ.

ಬೋಡಿಲ್ ನಕ್ಷೆಯ ಹತ್ತಿರದಿಂದ ಈಚೆ ಬಂದಳು. ಕೋಟು ತೆಗೆದುಕೊಂಡು ಹೊರಗೆ ಹೋದಳು. ನಾನು ಹಿಂದೆಯೇ ಓಡಿದೆ. ಸಭಾಭವನದ ಮೆಟ್ಟಿಲ ಮೇಲೆ ಅವಳ ಪಕ್ಕ ಕೂತು ಬೆನ್ನು ಸವರಿದೆ. ಅವಳು ಅಳುತ್ತಿರಲಿಲ್ಲ. ಚಳಿ ಬಂದವಳ ಹಾಗೆ ಮೊಣಕೈಗಳನ್ನು ತಬ್ಬಿಕೊಂಡಿದ್ದಳು.

ಬಾಗಿಲು ತೆರೆಯಿತು. ಎಸ್ಕಿಲ್ ಬಂದ. ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ ಮೆಟ್ಟಿಲಿಳಿದು ನಮ್ಮ ಮುಂದೆ ನಿಂತ. ಹಂಗಿಸಲು ಬಂದನೆಂದುಕೊಂಡು ನಾನು, "ಹೋಗೋ ಆಚೆ," ಎಂದೆ.

"ನೀನು ಹೇಳಿದ್ದು ನಿಜ ಅಂತ ನನಗೊತ್ತು," ಎಂದ ಅವನು ಬೋಡಿಲಳಿಗೆ.

"ನಿನಗೆ ಹೇಗೆ ಗೊತ್ತು?"

"ಆ ಮರಳು ನಾನೂ ನೋಡಿದ್ದೀನಿ." ಅವನು ನೆಲ ನೋಡಿಕೊಂಡೇ ಮಾತಾಡಿದ. "ನೀನು ಭಾನುವಾರ ನೀರಿಗೆ ಇಳಿಯಲ್ಲ. ನೀನು ಚರ್ಚಿನಲ್ಲಿರುವಾಗ ನಾನು ಅಲ್ಲಿಗೆ ಹೋಗ್ತಿದ್ದೆ. ಹನ್ನೆರಡು ವರ್ಷ ಆಯ್ತು."

ಊರೆಲ್ಲ ಅವನು ಭಾನುವಾರ ದೋಣಿ ಇಳಿಸುವುದನ್ನು ಕಂಡಿತ್ತು. ಕೇಳಿದರೆ ದಕ್ಷಿಣಕ್ಕೆ, ಬರೀ ಪಾಚಿ, ಎನ್ನುತ್ತಿದ್ದ. ನಾವು ತಲೆಯಾಡಿಸುತ್ತಿದ್ದೆವು.

ಬೋಡಿಲ್ ಎದ್ದು ನಿಂತಳು. ಕಳ್ಳತನಕ್ಕೆ ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ನಾನು ಕಾದೆ. ಅವಳು ಕೇಳಿದ್ದು ಅದನ್ನಲ್ಲ.

"ಕಂಡೋರು ಒಬ್ಬರು ಹೇಳಿದ್ರೆ ಸಾಕು ಅಂದ್ಲಲ್ಲ ಆ ಹೆಂಗಸು. ಕೇಳಿಸ್ಲಿಲ್ವಾ?"

"ಕೇಳಿಸ್ತು."

"ಮತ್ತೆ?"

"ಎಲ್ಲರ ಮುಂದೆ, ಆ ಜಾಗ..." ಎಸ್ಕಿಲ್ ತೊದಲಿದ. "ಬಾಯಿ ಬರಲಿಲ್ಲ, ಬೋಡಿಲ್. ಏಳೋಣ ಅಂದ್ಕೊಂಡೆ. ಬಾಯಿ ಬರಲೇ ಇಲ್ಲ."

"ಒಳಗೆ ಹೋಗು. ಈಗ್ಲೂ ಹೇಳಬಹುದು."

ಅವನು ಬಾಗಿಲಿನ ಕಡೆ ತಿರುಗಿದ. ಒಳಗೆ ಸಭೆ ಮುಗಿದು ಕುರ್ಚಿಗಳನ್ನು ಎಳೆಯುವ ಸದ್ದು ಬರುತ್ತಿತ್ತು, ಯಾರೋ ನಗುತ್ತಿದ್ದರು. ಎಸ್ಕಿಲ್ ಮೊದಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟ. ಇನ್ನೊಂದು ಕಾಲು ಮೇಲೆ ಬರಲಿಲ್ಲ. ಹಾಗೇ ನಿಂತ.

"ಪ್ರೇಬೆನ್ ಹೊರಗಿನವನು, ಎಸ್ಕಿಲ್," ಎಂದಳು ಬೋಡಿಲ್. ಧ್ವನಿ ಏರಿಸಲಿಲ್ಲ. "ಅವನಿಂದ ಹೋಗಿದ್ದು ಮೀನು, ಅಷ್ಟೆ. ನೀನು ನನ್ನ ರಕ್ತ."

ಅಧಿಕಾರಿಣಿ ಕೈಚೀಲ ಹಿಡಿದು ಹೊರಗೆ ಬಂದರು, ನಮ್ಮ ಮೂವರಿಗೂ ಶುಭರಾತ್ರಿ ಹೇಳಿದರು, ಕಾರು ಹತ್ತಿ ಹೋದರು. ಎಸ್ಕಿಲ್ ಅವರಿಗೆ ತಿರುಗಿ ಹೇಳಿದ್ದು ಶುಭರಾತ್ರಿ ಮಾತ್ರ.